ಹಾಸಿಗೆ ಬಟ್ಟೆ ಅಡ ಇಟ್ಟ ಊರಿನಲ್ಲಿ ಆರು ದಿನ

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಜ್ಜಿ ನನ್ನನ್ನು ಹೆಗ್ಗೋಡಿಗೆ ಸಿನೆಮಾಕ್ಕೆ ಕರೆದುಕೊಂಡು ಹೋಗಿದ್ದಳು. ನೀನಾಸಂನ ಚಿತ್ರಸಮಾಜದವರು ದೇಶವಿದೇಶದ ಒಳ್ಳೊಳ್ಳೆಯ ಚಿತ್ರಗಳನ್ನು ತರಿಸಿ ಸುತ್ತಲಿನ ಹಳ್ಳಿಯವರಿಗೆ ತೋರಿಸುತ್ತಿದ್ದ ಕಾಲ. ಅವತ್ತಿನದು 'ಬೈಸಿಕಲ್ ಥೀವ್ಸ್', ಕೆಲಸಕ್ಕೆ ಬೇಕಾದ ಸೈಕಲ್ ಕಳುವಾಗಿ ಬಡ ತಂದೆ ಮಗ ರೋಮಿನ ಬೀದಿಗಳಲ್ಲಿ ಅದನ್ನು ಹುಡುಕುವ ಕಥೆ. ಇಟಲಿಯ ಭಾಷೆ ನಮಗೆ ಯಾರಿಗೂ ಬಾರದು. ಆದರೂ ಸಿನೆಮಾ ಮುಗಿಯುವ ಹೊತ್ತಿಗೆ ನಮ್ಮ ಸಾಲಿನಲ್ಲಿದ್ದವರೆಲ್ಲ ಮಾತಿಲ್ಲದೆ ಕೂತಿದ್ದರು. ವಾಪಸು ಬರುವಾಗ ದಾರಿಯುದ್ದಕ್ಕೂ ಗಂಡಸರು ಮಾತಾಡಿದ್ದು ಸೈಕಲ್ ವಿಷಯ: ಅದು ಸಿಗಬೇಕಿತ್ತು, ಕಳ್ಳನನ್ನು ಹಾಗೆ ಬಿಡಬಾರದಿತ್ತು. ಅಜ್ಜಿ ಕೇಳಿದ್ದು ಒಂದೇ ಮಾತು. "ಆ ಹಾಸಿಗೆ ಬಟ್ಟೆ ಬಿಡಿಸಿಕೊಂಡ್ರಾ ಇಲ್ವಾ?"

ಸಿನೆಮಾದಲ್ಲಿ, ಅಡ ಇಟ್ಟಿದ್ದ ಸೈಕಲ್ ಬಿಡಿಸಿಕೊಳ್ಳಲು ಆ ಮನೆಯ ಹೆಂಗಸು ಮಂಚದ ಮೇಲಿನ ಬಟ್ಟೆಯನ್ನೆಲ್ಲ ಎಳೆದು, ತೊಳೆದು, ಗಂಟು ಕಟ್ಟಿ ಅಡದಂಗಡಿಗೆ ಒಯ್ಯುತ್ತಾಳೆ. ನಮ್ಮಜ್ಜಿ ತಾನು ಮದುವೆಯಾದ ಹೊಸದರಲ್ಲಿ ಸಾಗರದ ಅಂಗಡಿಯೊಂದರಲ್ಲಿ ತಾಮ್ರದ ಹಂಡೆ ಅಡ ಇಟ್ಟವಳು. ಹಂಡೆ ಮತ್ತೆ ಮನೆಗೆ ಬರಲಿಲ್ಲ. ಸಾಯುವ ತನಕವೂ ಅವಳಿಗೆ ಅದು 'ಹಾಸಿಗೆ ಬಟ್ಟೆ ಅಡ ಇಟ್ಟ ಸಿನೆಮಾ' ಆಗಿಯೇ ಇತ್ತು.

ಈಗ ನನ್ನ ಮಗಳು ರೋಮಿನಲ್ಲಿ ವಾಸ್ತುಶಿಲ್ಪ ಓದುತ್ತಿದ್ದಾಳೆ. ಅಕ್ಟೋಬರ್ ರಜೆಯಲ್ಲಿ ಹೋಗಿ ಬಂದೆ. ಕೊಲೊಸಿಯಂ, ವ್ಯಾಟಿಕನ್ ಎಲ್ಲ ಹೊರಗಿನಿಂದಲೇ ಆಯಿತು. ಎರಡನೇ ಮಹಾಯುದ್ಧ ಮುಗಿದ ಮೇಲಿನ ಹದಿನೈದಿಪ್ಪತ್ತು ವರ್ಷ ಕ್ಯಾಮೆರಾ ಹಿಡಿದವರು ಓಡಾಡಿದ ಬೀದಿಗಳನ್ನು ನೋಡಬೇಕು, ಅಷ್ಟೇ ಅಂತ ಅವಳಿಗೆ ಮೊದಲೇ ಹೇಳಿದ್ದೆ.

ಮೊದಲ ದಿನ, ಶುಕ್ರವಾರ

ವಿಮಾನ ನಿಲ್ದಾಣದಿಂದ ರೈಲು ಹಿಡಿದು ತೆರ್ಮಿನಿ ಸ್ಟೇಷನ್ನಿಗೆ ಬಂದೆ. ಮಗಳು ಅಲ್ಲೇ ನಿಂತಿದ್ದಳು. ಪೆಟ್ಟಿಗೆ ಕೈಗೆ ತಗೊಂಡವಳೇ, "ಅಪ್ಪಾ, ಒಂದು ನಿಮಿಷ ತಲೆ ಎತ್ತಿ ನೋಡು" ಅಂದಳು. ಸ್ಟೇಷನ್ನಿನ ಮುಂಭಾಗದ ಛಾವಣಿ ಅಲೆಯ ಹಾಗೆ ಬಾಗಿ ರಸ್ತೆಯ ಕಡೆಗೆ ಚಾಚಿಕೊಂಡಿದೆ. ಮುಸೊಲಿನಿಯ ಕಾಲದಲ್ಲಿ ಇಲ್ಲಿಗೆ ಭಾರೀ ಕಂಬಗಳ ಮುಖಮಂಟಪ ಬರಬೇಕಿತ್ತಂತೆ. ಯುದ್ಧದಿಂದ ಕೆಲಸ ನಿಂತಿತು. ಆಮೇಲೆ 1947ರಲ್ಲಿ ಹೊಸ ಸ್ಪರ್ಧೆ ಕರೆದು, 1950ರ ಡಿಸೆಂಬರಿನಲ್ಲಿ ಈ ಹಗುರ ಛಾವಣಿಯ ಹಜಾರ ತೆರೆದರು. ಎರಡೂ ಪಕ್ಕದಲ್ಲಿ ಹಳೆಯ ಕಮಾನುಗಳ ಕಟ್ಟಡ ಹಾಗೇ ಉಳಿದಿದೆ. ಯುದ್ಧಕ್ಕೆ ಮೊದಲಿನ ಇಟಲಿ, ನಂತರದ ಇಟಲಿ, ಎರಡೂ ಒಂದೇ ಗೋಡೆಗೆ ಒರಗಿ ನಿಂತಿವೆ.

ಅವಳ ರೂಮು ಇರುವುದು ಪಿನ್ಯೆತೊದಲ್ಲಿ. ನಗರದ ಪೂರ್ವಕ್ಕೆ, ಪ್ರೆನೆಸ್ತಿನಾ ಮತ್ತು ಕಸಿಲಿನಾ ಎಂಬ ಎರಡು ರಸ್ತೆಗಳ ನಡುವೆ ಸಿಕ್ಕಿಕೊಂಡ, ರೈಲ್ವೆ ಕೆಲಸಗಾರರು, ಕೂಲಿಕಾರರು ಕಟ್ಟಿಕೊಂಡ ಹಳೆಯ ಕೇರಿ. ಮನೆಯ ಒಡತಿ ಎಪ್ಪತ್ತೈದು ದಾಟಿದ ಸಿನ್ಯೋರಾ. ನನ್ನ ಕೈ ಎರಡೂ ಕೈಯಲ್ಲಿ ಹಿಡಿದು ಏನೋ ಉದ್ದ ಹೇಳಿದರು. "ಮಗಳನ್ನು ಚೆನ್ನಾಗಿ ಬೆಳೆಸಿದ್ದೀರಿ, ಆದರೆ ಸರಿಯಾಗಿ ಊಟ ಮಾಡಲ್ಲ ಅಂತಿದ್ದಾರೆ" ಅಂತ ಮಗಳು ಅನುವಾದಿಸಿದಳು. ತಂದಿದ್ದ ಅಪ್ಪೆಮಿಡಿ ಉಪ್ಪಿನಕಾಯಿ ಹಂಚಿಕೊಂಡು, ಬೇಗ ಮಲಗಿದೆ.

ಎರಡನೇ ದಿನ, ಶನಿವಾರ

ಅವಳ ಮನೆಯಿಂದ ನಡೆದೇ ಹೋಗುವಷ್ಟು ದೂರದಲ್ಲಿ ವಯಾ ಮೊಂತೆಕುಕ್ಕೊಲಿ ಎಂಬ ಬೀದಿ ಇದೆ. ಎರಡೂ ಕಡೆ ನಾಲ್ಕೈದು ಮಹಡಿಯ ವಠಾರಗಳು, ಸಾಲಾಗಿ ನಿಲ್ಲಿಸಿದ ಕಾರು. ನಂಬರ್ 17ರ ಬಾಗಿಲ ಮುಂದೆ ನಿಂತೆ. ನಿರ್ದೇಶಕ ರೊಸ್ಸೆಲ್ಲಿನಿಯ 'ರೋಮ್, ಓಪನ್ ಸಿಟಿ'ಯಲ್ಲಿ ನಟಿ ಅನ್ನಾ ಮಾನ್ಯಾನಿ ಓಡಿ ಬರುವುದು ಇಲ್ಲಿಂದ. ರೋಮ್ ಜರ್ಮನರ ವಶದಲ್ಲಿದ್ದ ಕಾಲದ ಕಥೆ ಅದು. ಮದುವೆಯ ದಿನವೇ ಜರ್ಮನ್ ಸೈನಿಕರು ಅವಳ ಗಂಡನಾಗಬೇಕಾದವನನ್ನು ಹಿಡಿದು ಲಾರಿಗೆ ಹಾಕುತ್ತಾರೆ. ಅವಳು ಅವನ ಹೆಸರು ಕೂಗುತ್ತ ಲಾರಿಯ ಹಿಂದೆ ಓಡುತ್ತಾಳೆ. ಗುಂಡು ತಗಲುತ್ತದೆ. ಅವಳು ಬೀಳುವುದನ್ನು ಸಿನೆಮಾ ಹಿಗ್ಗಿಸಿ ತೋರಿಸುವುದಿಲ್ಲ. ಓಡುತ್ತಿದ್ದವಳು ಮರುಕ್ಷಣ ರಸ್ತೆಯ ಮೇಲಿದ್ದಾಳೆ. ಕಥೆ ಇನ್ನೂ ನಡುವಿನಲ್ಲಿರುತ್ತದೆ, ಎಲ್ಲರೂ ಕಥಾನಾಯಕಿ ಎಂದುಕೊಂಡವಳು ಹೋಗಿಬಿಟ್ಟಿರುತ್ತಾಳೆ.

ಇದು ಬರಿಯ ಕಲ್ಪನೆಯಲ್ಲ. 1944ರ ಮಾರ್ಚ್ 3ರಂದು ತೆರೇಸಾ ಗುಲ್ಲಾಚೆ ಎಂಬ ಗರ್ಭಿಣಿ, ಐದು ಮಕ್ಕಳ ತಾಯಿ, ಬಂಧನದಲ್ಲಿದ್ದ ಗಂಡನ ಹತ್ತಿರ ಹೋಗಲು ನೋಡಿದಾಗ ಜರ್ಮನ್ ಸೈನಿಕನ ಗುಂಡಿಗೆ ಸತ್ತಳು. ಅದು ನಡೆದದ್ದು ನಗರದ ಇನ್ನೊಂದು ಕಡೆ, ವಿಯಾಲೆ ಜೂಲಿಯೊ ಚೆಸರೆಯ ಸೇನಾ ವಸತಿಯ ಎದುರು. ರೋಮ್ ಬಿಡುಗಡೆಯಾದದ್ದು ಜೂನ್ 4ಕ್ಕೆ. ಮುಂದಿನ ಜನವರಿಯಲ್ಲಿ ರೊಸ್ಸೆಲ್ಲಿನಿ ಚಿತ್ರೀಕರಣ ಶುರು ಮಾಡಿದ. ಆಗಿನ್ನೂ ಇಟಲಿಯ ಉತ್ತರದಲ್ಲಿ ಯುದ್ಧ ನಡೆಯುತ್ತಲೇ ಇತ್ತು. ಸಿನೆಮಾದ ಊರಾದ ಚಿನೆಚಿತ್ತಾದಲ್ಲಿ ಸ್ಟುಡಿಯೋ ಸಿಗುವಂತಿರಲಿಲ್ಲ. ಒಳಾಂಗಣದ ದೃಶ್ಯಗಳನ್ನು ಪೇಟೆಯ ನಡುವಿನ ಒಂದು ಹಳೆಯ ಹಾಲಿನಲ್ಲಿ ಸೆಟ್ಟು ಹಾಕಿ ತೆಗೆದರು. ಸ್ಥಳದಲ್ಲಿ ಧ್ವನಿ ಹಿಡಿಯಲಿಲ್ಲ, ಮಾತುಗಳನ್ನೆಲ್ಲ ಆಮೇಲೆ ಸೇರಿಸಿದರು. 1945ರ ಸೆಪ್ಟೆಂಬರಿನಲ್ಲಿ ರೋಮಿನವರು ಅದನ್ನು ನೋಡಿದಾಗ ಗಾಯ ಇನ್ನೂ ಹಸಿ. ಥಿಯೇಟರಿನಲ್ಲಿ ಕೂತವರಲ್ಲಿ ಎಷ್ಟೋ ಜನ ಅಂಥ ಲಾರಿಗಳನ್ನು ತಮ್ಮ ಕಣ್ಣಲ್ಲೇ ಕಂಡವರು. ಆ ವರ್ಷ ಇಟಲಿಯಲ್ಲಿ ಜನ ಮುಗಿಬಿದ್ದು ನೋಡಿದ ಸ್ವದೇಶಿ ಚಿತ್ರ ಅದೇ.

ಒಂದು ಮಾತು ಇಲ್ಲಿ ಹೇಳಲೇಬೇಕು. ರೊಸ್ಸೆಲ್ಲಿನಿ ಯುದ್ಧಕಾಲದಲ್ಲಿ ಫ್ಯಾಸಿಸ್ಟ್ ಸರ್ಕಾರಕ್ಕೆ ಬೇಕಾದಂಥ ಚಿತ್ರಗಳನ್ನೂ ಮಾಡಿದ್ದ. 'ಬೈಸಿಕಲ್ ಥೀವ್ಸ್' ಮಾಡಿದ ಡಿ ಸಿಕಾ 1930ರ ದಶಕದಲ್ಲಿ ಹುಡುಗಿಯರ ಮೆಚ್ಚಿನ ನಟ, ನಯವಾದ ಪ್ರೇಮ ಹಾಸ್ಯಚಿತ್ರಗಳ ನಾಯಕ. ಆಗಿನ ಅಂಥ ಚಿತ್ರಗಳಿಗೆ 'ಬಿಳಿ ಟೆಲಿಫೋನಿನ ಸಿನೆಮಾ' ಅಂತಲೇ ಹೆಸರು. ಶ್ರೀಮಂತರ ಮನೆ, ಅಲ್ಲೊಂದು ಬಿಳಿ ಫೋನು. ಆ ಫೋನಿನ ಪಕ್ಕದಲ್ಲಿದ್ದವರೇ ಬೀದಿಗೆ ಬಂದು ಈ ಬಾಗಿಲ ಮುಂದೆ ಕ್ಯಾಮೆರಾ ಇಟ್ಟರು. ಇದು ಅವರ ಮೇಲಿನ ನನ್ನ ಗೌರವವನ್ನು ಕಡಿಮೆ ಮಾಡಿಲ್ಲ. ಮನುಷ್ಯ ಬದಲಾಗುವುದಕ್ಕೆ ಎಷ್ಟು ದೊಡ್ಡ ಪೆಟ್ಟು ಬೀಳಬೇಕಾಯಿತು ಅಂತ ಮಾತ್ರ ಯೋಚಿಸಿದೆ.

ಮಧ್ಯಾಹ್ನ ವಯಾ ತಾಸ್ಸೊಗೆ ಹೋದೆವು. ಹೊರಗಿನಿಂದ ನೋಡಿದರೆ ಮಾಮೂಲಿ ಹಳದಿ ವಠಾರ. ಒಳಗೆ ನಾಜಿಗಳ ಎಸ್‌ಎಸ್ ಪೊಲೀಸರ ಸೆರೆಮನೆ ಇತ್ತು, ಈಗ ಬಿಡುಗಡೆಯ ಹೋರಾಟದ ಮ್ಯೂಸಿಯಂ. ಮನೆಯ ಕೋಣೆಗಳನ್ನೇ ಖೋಲಿ ಮಾಡಿದ್ದರು. ಕಿಟಕಿಗಳಿಗೆ ಇಟ್ಟಿಗೆ ಕಟ್ಟಿ ಮುಚ್ಚಿದ್ದಾರೆ. ಗೋಡೆಯ ಗಾರೆಯ ಮೇಲೆ ಕೈದಿಗಳು ಗೀಚಿದ ಅಕ್ಷರ, ದಿನ ಎಣಿಸಿದ ಗೆರೆ ಹಾಗೇ ಉಳಿದಿವೆ. ಮಗಳು ಮೆಲ್ಲಗೆ ಓದಿ ಹೇಳುತ್ತಿದ್ದವಳು ಒಂದು ಕಡೆ ನಿಲ್ಲಿಸಿಬಿಟ್ಟಳು. ನಾನೂ ಕೇಳಲಿಲ್ಲ.

ಇಲ್ಲಿದ್ದ ಹಲವರನ್ನು 1944ರ ಮಾರ್ಚ್ 24ರಂದು ನಗರದ ಹೊರಗಿನ ಆರ್ದೆಯಾತಿನೆ ಗುಹೆಗಳಿಗೆ ಒಯ್ದರು. ಹಿಂದಿನ ದಿನ ವಯಾ ರಾಸೆಲ್ಲಾದಲ್ಲಿ ಜರ್ಮನರ ವಿರುದ್ಧ ಹೋರಾಡುತ್ತಿದ್ದವರು ಇಟ್ಟ ಬಾಂಬಿಗೆ 33 ಜರ್ಮನ್ ಪೊಲೀಸರು ಸತ್ತಿದ್ದರು. ಅದಕ್ಕೆ ಪ್ರತಿಯಾಗಿ 335 ಜನರನ್ನು ಕೊಂದರು. ಅವರಲ್ಲಿ ಪಿಯೆತ್ರೊ ಪಪ್ಪಗಾಲ್ಲೊ ಎಂಬ ಪಾದ್ರಿಯೂ ಇದ್ದರು. 'ರೋಮ್, ಓಪನ್ ಸಿಟಿ'ಯ ಪಾದ್ರಿ ದೋನ್ ಪಿಯೆತ್ರೊ ಹುಟ್ಟಿದ್ದು ಅವರಿಂದ, ಮತ್ತು ಕೆಲವೇ ದಿನಗಳ ನಂತರ ಗುಂಡಿಗೆ ಬಲಿಯಾದ ಇನ್ನೊಬ್ಬ ಪಾದ್ರಿ ಜುಸೆಪ್ಪೆ ಮೊರೊಸಿನಿಯವರಿಂದ. ಚಿತ್ರದ ಕೊನೆಗೆ ಪಾದ್ರಿಯನ್ನು ಕೊಲ್ಲುವಾಗ ಬೇಲಿಯಾಚೆ ಹುಡುಗರು ಸಿಳ್ಳೆ ಹಾಕುತ್ತಾರೆ, ನಾವಿದ್ದೇವೆ ಅಂತ. ಆಮೇಲೆ ತಲೆ ತಗ್ಗಿಸಿ ಊರ ಕಡೆಗೆ ಇಳಿಯುತ್ತಾರೆ. ಪಾದ್ರಿ ಮತ್ತು ಕಮ್ಯುನಿಸ್ಟ್ ಇಬ್ಬರೂ ಒಂದೇ ಕಡೆ ನಿಂತ ಕಥೆ ಅದು. ಹೊಸ ಇಟಲಿ ತನ್ನನ್ನು ತಾನು ಹೀಗೆ ನೆನಪಿಟ್ಟುಕೊಳ್ಳಲು ಬಯಸಿತು. ಜರ್ಮನರಿಗೆ ಸಹಕರಿಸಿದವರು, ಸುಮ್ಮನಿದ್ದವರು ಬಹಳ ಮಂದಿ. ಅವರ ಕಥೆ ಈ ಚಿತ್ರದಲ್ಲಿ ಅಂಚಿನಲ್ಲಷ್ಟೇ ಇದೆ. ಸಿನೆಮಾ ಸಮಾಜವನ್ನು ತೋರಿಸುವುದರ ಜೊತೆಗೆ, ಏನನ್ನು ನೆನೆಯಬೇಕು ಅಂತಲೂ ಕಲಿಸುತ್ತದೆ. ಆ ಖೋಲಿಯಲ್ಲಿ ನಿಂತಾಗ ಇದು ನನಗೆ ಮೊದಲ ಬಾರಿ ಹೊಳೆಯಿತು.

ಮೂರನೇ ದಿನ, ಭಾನುವಾರ

ಪೋರ್ತಾ ಪೋರ್ತೆಸೆಯ ಸಂತೆ ಭಾನುವಾರ ಬೆಳಿಗ್ಗೆ ಮಾತ್ರ. ಹಳೇ ಬಟ್ಟೆ, ಚಾರ್ಜರು, ಬಾಗಿಲ ಚಿಲಕ, ಸತ್ತವರ ಮದುವೆ ಫೋಟೋ, ಎಲ್ಲವೂ ಇದೆ. 'ಬೈಸಿಕಲ್ ಥೀವ್ಸ್'ನ ತಂದೆ ಮಗ ಕಳುವಾದ ಸೈಕಲ್ ಹುಡುಕಿಕೊಂಡು ಬರುವ ಎರಡನೇ ಜಾಗ ಇದು. ಮೊದಲು ಹೋಗುವುದು ಪಿಯಾಜ್ಜಾ ವಿತ್ತೋರಿಯೊಗೆ. ಅಲ್ಲಿ ಸೈಕಲ್ಲನ್ನು ಬಿಚ್ಚಿ ಬಿಡಿ ಬಿಡಿಯಾಗಿ ಮಾರುತ್ತಾರೆ. ಆದ್ದರಿಂದ ಹುಡುಕುವವರೂ ಹಂಚಿಕೊಳ್ಳುತ್ತಾರೆ, ಒಬ್ಬ ಟಯರು, ಒಬ್ಬ ಫ್ರೇಮು, ಚಿಕ್ಕ ಹುಡುಗನಿಗೆ ಬೆಲ್ಲು ಮತ್ತು ಪಂಪು. ಇಡೀ ಸೈಕಲ್ಲು ಒಂದು ಬೆಲ್ಲಿನಷ್ಟಾಗಿ ಕುಗ್ಗಿ ಆ ಹುಡುಗನ ಕಣ್ಣಿಗೆ ಬರುವುದಿದೆಯಲ್ಲ, ಬಡತನದ ಬಗ್ಗೆ ಅದಕ್ಕಿಂತ ನಿಖರವಾದ ದೃಶ್ಯ ನನಗೆ ಗೊತ್ತಿಲ್ಲ. ಈ ಸಂತೆಯಲ್ಲಿ ಅವರಿಗೆ ಮಳೆ ಸಿಕ್ಕುತ್ತದೆ. ನಮಗೆ ಬಿಸಿಲು.

ಒಂದು ಗಾಡಿಯಲ್ಲಿ ಹಳೆಯ ನಾರುಬಟ್ಟೆಯ ಹಾಸುಗಳನ್ನು ಮಡಿಸಿ ಒಟ್ಟಿದ್ದರು. ಮೂಲೆಯಲ್ಲಿ ಕೆಂಪು ದಾರದಲ್ಲಿ ಎರಡೆರಡು ಅಕ್ಷರ. ಮದುವೆಗೆ ತವರಿನಿಂದ ತಂದ ಹಾಸುಗಳಿಗೆ ಹೆಣ್ಣುಮಕ್ಕಳು ಹೀಗೆ ಹೆಸರು ಕಸೂತಿ ಹಾಕುತ್ತಿದ್ದರು ಅಂತ ಮಗಳು ಹೇಳಿದಳು. ಅಡದಂಗಡಿಯ ದೃಶ್ಯ ನೆನಪಾಯಿತು. ಅವಳ ಗಂಟನ್ನು ತಗೊಂಡ ನೌಕರ ಅದನ್ನು ಇಡಲು ಕಪಾಟು ಹತ್ತುತ್ತಾನೆ, ಹತ್ತುತ್ತಲೇ ಹೋಗುತ್ತಾನೆ. ಮಾಡಿನ ತನಕ ಅಂಥವೇ ಗಂಟುಗಳು. ಒಂದು ಮನೆಯ ಕಥೆ ಅಲ್ಲಿ ಒಂದು ಊರಿನ ಕಥೆಯಾಗುತ್ತದೆ, ಯಾರೂ ಒಂದು ಮಾತಾಡದೆ. ಅಜ್ಜಿ ಅಲ್ಲಿಯೇ 'ಅಯ್ಯೋ' ಅಂದದ್ದು.

ಊಟ ಮುಗಿಸಿ ಮೆಟ್ರೋದಲ್ಲಿ ಉತ್ತರಕ್ಕೆ, ಯೋನಿಯೊ ಸ್ಟೇಷನ್ನಿನಲ್ಲಿ ಇಳಿದೆವು. ಇದು ವಾಲ್ ಮೆಲಾಯಿನಾ. ಸಿನೆಮಾದ ಕುಟುಂಬ ಇರುವುದು ಇಲ್ಲಿ. 1948ರಲ್ಲಿ ಬಯಲಿನ ನಡುವೆ ನಿಂತ ಬೋಳು ವಠಾರಗಳು. ಹೆಂಗಸರು ಬೀದಿಯ ನಲ್ಲಿಯಿಂದ ಬಕೆಟಿನಲ್ಲಿ ನೀರು ಹೊರುತ್ತಾರೆ. ಗಂಡಸರು ಕೆಲಸಕ್ಕೆ ತಮ್ಮ ಹೆಸರು ಕೂಗುವುದನ್ನು ಕಾಯುತ್ತಾರೆ. ಆ ಕುಟುಂಬದ ತಂದೆ ಅಂತೋನಿಯೊಗೆ ಸಿಗುವ ಕೆಲಸ ಗೋಡೆಗೆ ಪೋಸ್ಟರು ಅಂಟಿಸುವುದು, ಸೈಕಲ್ ಇದ್ದರೆ ಮಾತ್ರ. ಮೊದಲ ದಿನ ಅವನು ಅಂಟಿಸುತ್ತಿರುವುದು ಹಾಲಿವುಡ್ಡಿನ ರೀಟಾ ಹೇವರ್ತ್‌ಳ ಪೋಸ್ಟರು. ಅವಳ ತೋಳಿನ ಸುಕ್ಕು ಬಿಡಿಸುತ್ತಿರುವಾಗಲೇ ಸೈಕಲ್ ಹೋಗುತ್ತದೆ.

ಈಗ ವಾಲ್ ಮೆಲಾಯಿನಾ ಊರೊಳಗಿನ ಒಂದು ಬಡಾವಣೆ. ಮರಗಳು ಮಹಡಿಯೆತ್ತರ ಬೆಳೆದಿವೆ. ಹಳೆಯ ವಠಾರದ ಅಂಗಳದಲ್ಲಿ ಇಬ್ಬರು ಅಜ್ಜಂದಿರು ಬೆಂಚಿನ ಮೇಲೆ ಕೂತಿದ್ದರು. ಮಗಳು ಹೋಗಿ ಮಾತಾಡಿಸಿದಳು. ನಾವು ಯಾಕೆ ಬಂದಿದ್ದೇವೆ ಎಂದು ಅವರಿಗೆ ಹೇಳುವ ಮೊದಲೇ ಗೊತ್ತಾಗಿತ್ತು. ಒಬ್ಬರು ಅಂದದ್ದು: "ನನ್ನ ತಾಯಿಗೆ ಆ ಸಿನೆಮಾ ಇಷ್ಟ ಇರಲಿಲ್ಲ. ನಲ್ಲಿ ಮುಂದೆ ನಿಲ್ಲುವುದನ್ನು ದುಡ್ಡು ಕೊಟ್ಟು ನೋಡಬೇಕಾ ಅನ್ನುತ್ತಿದ್ದಳು." ಆ ತಾಯಿಯ ಮಾತನ್ನು ನಾನು ಗೌರವಿಸುತ್ತೇನೆ. ವಿದೇಶದಲ್ಲಿ ಕೊಂಡಾಡಿದ ಈ ಬಗೆಯ ಚಿತ್ರಗಳಲ್ಲಿ ಹೆಚ್ಚಿನವಕ್ಕೆ ಇಟಲಿಯ ಥಿಯೇಟರುಗಳಲ್ಲಿ ಅಂಥ ಜನ ಸೇರಲಿಲ್ಲ. ಜನ ಸೇರಿದ್ದು ಹೇವರ್ತ್‌ಳ ಪೋಸ್ಟರಿದ್ದ ಕಡೆ.

ನಾಯಕನ ಪಾತ್ರಕ್ಕೆ ಕ್ಯಾರಿ ಗ್ರಾಂಟ್‌ನನ್ನು ಹಾಕಿಕೊಂಡರೆ ಹಣ ಕೊಡುತ್ತೇನೆ ಅಂತ ಅಮೆರಿಕದ ನಿರ್ಮಾಪಕರೊಬ್ಬರು ಮುಂದೆ ಬಂದಿದ್ದರು. ಡಿ ಸಿಕಾ ಒಪ್ಪದೆ, ಲಾಂಬೆರ್ತೊ ಮಜ್ಜೊರಾನಿ ಎಂಬ ಕಾರ್ಖಾನೆಯ ಕೆಲಸಗಾರನನ್ನು ಆರಿಸಿದ. ಹುಡುಗ ಎಂಜೊ ಸ್ತಯೋಲಾ ಬೀದಿಯಲ್ಲಿ ಶೂಟಿಂಗ್ ನೋಡುತ್ತ ನಿಂತಿದ್ದವನು. ಚಿತ್ರಕ್ಕೆ ವಿಶೇಷ ಆಸ್ಕರ್ ಬಂತು. ಮಜ್ಜೊರಾನಿ ಕಾರ್ಖಾನೆಗೆ ವಾಪಸು ಹೋದ. ಸ್ವಲ್ಪ ಕಾಲಕ್ಕೇ ಕೆಲಸ ಹೋಯಿತು. ಸಿನೆಮಾದಲ್ಲಿ ದುಡಿದಿದ್ದಾನಲ್ಲ, ಇವನಿಗೇನು ಅಂತ ಎಲ್ಲರ ಲೆಕ್ಕ. ಇವನ ವಿಷಯ ಮತ್ತೆ ಬರುತ್ತದೆ.

1952ರ ಜನವರಿಯಲ್ಲಿ ಬೊಂಬಾಯಿಯಲ್ಲಿ ಶುರುವಾದ ನಮ್ಮ ಮೊದಲ ಅಂತಾರಾಷ್ಟ್ರೀಯ ಚಿತ್ರೋತ್ಸವ ಕಲ್ಕತ್ತ, ದಿಲ್ಲಿ, ಮದ್ರಾಸಿಗೂ ಹೋಯಿತು. ಅಲ್ಲಿ ಈ ಚಿತ್ರ ತೋರಿಸಿದರು. ಮರುವರ್ಷವೇ ಬಿಮಲ್ ರಾಯ್ ಅವರ 'ದೋ ಬಿಘಾ ಜಮೀನ್' ಬಂತು, ರಿಕ್ಷಾ ಎಳೆಯುವ ರೈತನ ಕಥೆ. ಸತ್ಯಜಿತ್ ರಾಯ್ 'ಬೈಸಿಕಲ್ ಥೀವ್ಸ್' ಅನ್ನು 1950ರಲ್ಲೇ ಲಂಡನ್ನಿನಲ್ಲಿ ನೋಡಿ, ಹೊಸ ಮುಖ, ನಿಜವಾದ ಹಳ್ಳಿ ಇಟ್ಟುಕೊಂಡು ತಾನೂ ಮಾಡಬಹುದು ಎಂಬ ಧೈರ್ಯ ತಂದುಕೊಂಡಿದ್ದರು. ಆ ಎಳೆಯೇ ಸುತ್ತಿ ಸುಳಿದು ಹೆಗ್ಗೋಡಿನ ತನಕ ಬಂದದ್ದು.

ನಾಲ್ಕನೇ ದಿನ, ಸೋಮವಾರ

ಪಾಂಥಿಯಾನ್, ಪ್ರಾಚೀನ ರೋಮಿನ ದೇವಾಲಯ. ಟಿಕೇಟಿನ ಸಾಲು ಅಂಗಳ ಸುತ್ತಿತ್ತು. ನಾವು ಒಳಗೆ ಹೋಗಲಿಲ್ಲ, ನಾನು ಬಂದಿದ್ದು ಹೊರಗಿನ ಕಂಬಗಳಿಗೆ.

ಡಿ ಸಿಕಾನ 1952ರ ಚಿತ್ರ 'ಉಂಬರ್ತೊ ಡಿ'ಯಲ್ಲಿ ಪಿಂಚಣಿ ಸಾಕಾಗದ ಮುದುಕನೊಬ್ಬ ಇಲ್ಲಿ ಭಿಕ್ಷೆ ಬೇಡಲು ನೋಡುತ್ತಾನೆ. ನಟಿಸಿದ ಕಾರ್ಲೊ ಬತ್ತಿಸ್ತಿ ಫ್ಲಾರೆನ್ಸಿನ ಭಾಷಾಶಾಸ್ತ್ರದ ಪ್ರಾಧ್ಯಾಪಕ. ಮುದುಕ ಮೆಲ್ಲಗೆ ಅಂಗೈ ಚಾಚುತ್ತಾನೆ. ದಾರಿಹೋಕನೊಬ್ಬ ಜೇಬಿಗೆ ಕೈ ಹಾಕುತ್ತಿದ್ದಂತೆ, ಮಳೆ ಬರ್ತಿದೆಯಾ ಅಂತ ನೋಡುವವನ ಹಾಗೆ ಅಂಗೈ ತಿರುಗಿಸಿಬಿಡುತ್ತಾನೆ. ಆಮೇಲೆ ಟೊಪ್ಪಿಯನ್ನು ನಾಯಿಯ ಬಾಯಿಗೆ ಕೊಟ್ಟು ತಾನು ಕಂಬದ ಮರೆಗೆ ಹೋಗುತ್ತಾನೆ. ಜೀವನವಿಡೀ ಸರ್ಕಾರಿ ಕಚೇರಿಯಲ್ಲಿ ಕೂತು, ಇಸ್ತ್ರಿ ಅಂಗಿ ಹಾಕಿ, ಯಾರ ಮುಂದೆಯೂ ಕೈ ಒಡ್ಡದವನ ಅಂಗೈ ಅದು. ನಾನೂ ನಿವೃತ್ತಿಗೆ ಹತ್ತಿರ ಬಂದವನು. ಕಂಬಕ್ಕೆ ಒರಗಿ ತುಂಬ ಹೊತ್ತು ನಿಂತಿದ್ದೆ.

ಅದೇ ಚಿತ್ರದಲ್ಲಿ ಮನೆಗೆಲಸದ ಹುಡುಗಿ ಬೆಳಿಗ್ಗೆ ಎದ್ದು ಅಡಿಗೆಮನೆಗೆ ಬರುವ ದೃಶ್ಯವಿದೆ. ಕಡ್ಡಿ ಗೀರುತ್ತಾಳೆ. ಗೋಡೆಯ ಮೇಲಿನ ಇರುವೆಗಳಿಗೆ ನೀರು ಎರಚುತ್ತಾಳೆ. ಕಾಫಿ ಬೀಸುತ್ತ ಕೂತವಳು ಕಾಲು ಚಾಚಿ ಬೆರಳ ತುದಿಯಿಂದ ಬಾಗಿಲು ಮುಚ್ಚಲು ನೋಡುತ್ತಾಳೆ. ಬಸಿರಿ ಅವಳು, ಮದುವೆಯಾಗಿಲ್ಲ. ಕಥೆಯಲ್ಲಿ ಏನೂ ಆಗುವುದಿಲ್ಲ, ಒಂದು ಹನಿ ಕಣ್ಣೀರಷ್ಟೆ. ಚಿತ್ರಕಥೆ ಬರೆದ ಜವಾತ್ತಿನಿಗೆ ಬೇಕಿದ್ದುದು ಇಂಥದೇ, ಮನುಷ್ಯನ ದಿನದಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಹೊತ್ತು. ಕೆಲಸದವಳ ಬೆಳಗನ್ನು ಅಷ್ಟು ಹೊತ್ತು ನೋಡಬೇಕು ಅಂತ ಅದಕ್ಕೆ ಮೊದಲು ಎಷ್ಟು ಜನಕ್ಕೆ ಅನ್ನಿಸಿತ್ತು?

ಇದೇ ಚಿತ್ರ ಸರ್ಕಾರವನ್ನು ಕೆಣಕಿತು. ಆಗ ಸಿನೆಮಾ ವಿಷಯ ನೋಡಿಕೊಳ್ಳುತ್ತಿದ್ದವರು ಜೂಲಿಯೊ ಆಂದ್ರೆಯೊತ್ತಿ, ಮುಂದೆ ಏಳು ಸಲ ಪ್ರಧಾನಿಯಾದವರು. ಡಿ ಸಿಕಾ ತನ್ನ ದೇಶಕ್ಕೆ ಕೆಟ್ಟ ಸೇವೆ ಮಾಡಿದ್ದಾರೆ ಅಂತ ಅವರು ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದರು. ಕೊಳೆ ಬಟ್ಟೆಯನ್ನು ಮನೆಯೊಳಗೇ ಒಗೆಯಬೇಕು ಎಂಬ ಮಾತು ಇವತ್ತಿಗೂ ಅವರ ಹೆಸರಿನಲ್ಲೇ ಓಡಾಡುತ್ತದೆ. ಬರಿಯ ಬೈಗುಳ ಆಗಿದ್ದರೆ ಹೋಗಲಿ. 1949ರ ಕಾನೂನಿನ ಪ್ರಕಾರ ಸಿನೆಮಾಕ್ಕೆ ಸರ್ಕಾರದ ಬೆಂಬಲದ ಸಾಲ ಬೇಕಿದ್ದರೆ ಚಿತ್ರಕಥೆಯನ್ನು ಮೊದಲೇ ತೋರಿಸಿ ಒಪ್ಪಿಗೆ ಪಡೆಯಬೇಕಿತ್ತು. ಹಾಲಿವುಡ್ಡಿನ ಅಬ್ಬರದಲ್ಲಿ ಇಟಲಿಯ ಸಿನೆಮಾ ಉಳಿದದ್ದೂ ಅದೇ ಕಾನೂನಿನಿಂದ ಎನ್ನುವುದು ನಿಜ. ಉಳಿಸಿದ ಕೈಯೇ ಬಾಯಿಯನ್ನೂ ಮುಚ್ಚಿತು. ನಮ್ಮಲ್ಲೂ ಮನೆಯ ಮಾತು ಹೊಸಿಲು ದಾಟಬಾರದು ಅನ್ನುತ್ತೇವೆ. ಆದರೆ ಬಾಡಿಗೆ ಕಟ್ಟಲಾಗದೆ ಹೊಸಿಲಿನಿಂದ ಹೊರಗೆ ಬಿದ್ದವನು ತನ್ನ ಮಾತನ್ನು ಎಲ್ಲಿ ಆಡಬೇಕು?

ಬರುವಾಗ ಪಿಯಾಜ್ಜಾ ವಿತ್ತೋರಿಯೊದ ಹತ್ತಿರದ ಮಾರ್ಕೆಟ್ಟಿಗೆ ಹೋದೆವು. ಸೈಕಲ್ ಬಿಡಿಭಾಗದ ಸಂತೆ ಹೋಗಿ ಎಷ್ಟೋ ಕಾಲವಾಯಿತು. ಒಳಗೆ ಬಾಂಗ್ಲಾದೇಶದ ವ್ಯಾಪಾರಿಗಳು ಕರಿಬೇವು, ಹಸಿಮೆಣಸು, ತೆಂಗಿನಕಾಯಿ ಇಟ್ಟುಕೊಂಡಿದ್ದರು.

ಐದನೇ ದಿನ, ಮಂಗಳವಾರ

ಬೆಳಗಿನಿಂದ ಮಳೆ. ಎಲ್ಲಿಗೂ ಹೋಗಲಿಲ್ಲ. ನಾನು ತಂಬುಳಿ, ಅನ್ನ, ಬೀನ್ಸ್ ಪಲ್ಯ ಮಾಡಿದೆ. ಸಿನ್ಯೋರಾ ಊಟಕ್ಕೆ ಬಂದರು. ನಾನು ಅವರನ್ನು ಕೇಳಿದ್ದು ಒಂದೇ: ಸಿನೆಮಾ ನೋಡಿ ಈ ದೇಶದಲ್ಲಿ ಏನಾದರೂ ಬದಲಾಯಿತಾ?

ಅವರು ಹೇಳಿದ್ದು ಬಡತನದ ಸಿನೆಮಾ ಅಲ್ಲ, ನಗುವ ಸಿನೆಮಾ. 1961ರಲ್ಲಿ ಪಿಯೆತ್ರೊ ಜೆರ್ಮಿ ಮಾಡಿದ 'ಡಿವೋರ್ಸ್, ಇಟಾಲಿಯನ್ ಸ್ಟೈಲ್'. ಆಗ ಇಟಲಿಯಲ್ಲಿ ವಿಚ್ಛೇದನವೇ ಇರಲಿಲ್ಲ. ಆದರೆ ಹೆಂಡತಿಯನ್ನೋ ಮಗಳನ್ನೋ ತಂಗಿಯನ್ನೋ ಪರಪುರುಷನ ಜೊತೆ ಕಂಡು, ಮಾನ ಹೋಯಿತೆಂಬ ಸಿಟ್ಟಿನಲ್ಲಿ ಕೊಂದರೆ ದಂಡಸಂಹಿತೆಯ 587ನೇ ವಿಧಿಯಲ್ಲಿ ಮೂರರಿಂದ ಏಳು ವರ್ಷ ಮಾತ್ರ ಶಿಕ್ಷೆ. ಸಿಸಿಲಿಯ ಒಬ್ಬ ಜಮೀನ್ದಾರ ಇದನ್ನೇ ಹಿಡಿದುಕೊಂಡು ಹೆಂಡತಿಗೆ ಪ್ರಿಯಕರನನ್ನು ತಾನೇ ಹುಡುಕಲು ಹೊರಡುತ್ತಾನೆ. "ನನಗೆ ಹನ್ನೆರಡು ವರ್ಷ, ನನ್ನನ್ನು ಕರೆದುಕೊಂಡು ಹೋಗಲಿಲ್ಲ" ಅಂದರು ಸಿನ್ಯೋರಾ. "ಅಮ್ಮ, ಚಿಕ್ಕಮ್ಮ ನೋಡಿ ಬಂದು ಅಡಿಗೆಮನೆಯಲ್ಲಿ ನಕ್ಕು ನಕ್ಕು ಸುಸ್ತಾದರು. ಅಪ್ಪ ಮಾತ್ರ ಊಟ ಮುಗಿಯುವ ತನಕ ಮಾತಾಡಲಿಲ್ಲ. ಆ ಮೌನ ನೋಡಿದಾಗಲೇ ನನಗೆ ಅನ್ನಿಸಿತು, ಇವರು ಏನೋ ನಿಜವಾದ ಸಂಗತಿ ನೋಡಿಬಂದಿದ್ದಾರೆ ಅಂತ."

ವಿಚ್ಛೇದನದ ಕಾನೂನು ಬಂದದ್ದು 1970ರ ಡಿಸೆಂಬರಿನಲ್ಲಿ. ಅದನ್ನು ರದ್ದು ಮಾಡಬೇಕೆಂದು 1974ರ ಮೇ ತಿಂಗಳಲ್ಲಿ ಜನಮತ ನಡೆದಾಗ ಶೇಕಡಾ 59ರಷ್ಟು ಜನ ಬೇಡವೆಂದರು, ಕಾನೂನು ಉಳಿಯಿತು. ಸಿನ್ಯೋರಾ ಆಗ ತಾಯಿಯ ಜೊತೆ ಹೋಗಿ ವೋಟು ಹಾಕಿದ್ದರು. 587ನೇ ವಿಧಿ ಹೋಗಲು 1981ರ ತನಕ ಕಾಯಬೇಕಾಯಿತು, ಚಿತ್ರ ಬಂದು 20 ವರ್ಷ. ಸಿನೆಮಾವೊಂದರಿಂದಲೇ ಇದಾಯಿತು ಅನ್ನುವುದು ತಪ್ಪು, ಹೆಣ್ಣುಮಕ್ಕಳು ಬೀದಿಯಲ್ಲಿ, ಕೋರ್ಟಿನಲ್ಲಿ ಹೋರಾಡಿದರು. ಆದರೆ ತಲೆತಲಾಂತರದಿಂದ 'ಮಾನ' ಎಂದು ಗಂಭೀರವಾಗಿ ನಡೆದುಬಂದದ್ದರ ಮೇಲೆ ಒಮ್ಮೆ ಊರೆಲ್ಲ ಕೂತು ನಕ್ಕ ಮೇಲೆ, ಅದೇ ಗಾಂಭೀರ್ಯವನ್ನು ಮತ್ತೆ ಹಾಗೇ ಹೊದೆಯುವುದು ಕಷ್ಟ.

ಸಿನ್ಯೋರಾ ತಂಬುಳಿಯನ್ನು ಎರಡು ಸಲ ಹಾಕಿಸಿಕೊಂಡರು.

ಆರನೇ ದಿನ, ಬುಧವಾರ

ಮೆಟ್ರೋದಲ್ಲಿ ಚಿನೆಚಿತ್ತಾ. ಸ್ಟೇಷನ್ನಿಗೇ ಆ ಹೆಸರಿದೆ, ಹತ್ತಿ ಬಂದರೆ ಎದುರಿಗೇ ಸ್ಟುಡಿಯೋದ ಕೆಂಪುಮಣ್ಣು ಬಣ್ಣದ ಗೇಟು. 1937ರ ಏಪ್ರಿಲ್ 28ರಂದು ಮುಸೊಲಿನಿ ಉದ್ಘಾಟಿಸಿದ್ದು, ಸಿನೆಮಾವೇ ಅತಿ ಬಲವಾದ ಆಯುಧ ಎಂದು ಸಾರಿ. ಯುದ್ಧದಲ್ಲಿ ಬಾಂಬು ಬಿತ್ತು. 1944ರಿಂದ ಇದು ನಿರಾಶ್ರಿತರ ಶಿಬಿರ. ಅರಮನೆಯ ಸೆಟ್ಟು ಹಾಕುತ್ತಿದ್ದ ದೊಡ್ಡ ಶೆಡ್ಡುಗಳ ಒಳಗೆ ಮನೆ ಕಳೆದುಕೊಂಡ ಸಂಸಾರಗಳು ಮರೆ ಕಟ್ಟಿಕೊಂಡು ವರ್ಷಗಟ್ಟಲೆ ಬದುಕಿದವು. ಸಿನೆಮಾದವರು ಬೀದಿಗಿಳಿದದ್ದನ್ನು ಕಲೆಯ ಸಿದ್ಧಾಂತವಾಗಿ ನಾನು ಪುಸ್ತಕಗಳಲ್ಲಿ ಓದಿದ್ದೆ. ಆ ಶೆಡ್ಡುಗಳ ಮುಂದೆ ನಿಂತಾಗ ಅದರ ಇನ್ನೊಂದು ಮುಖ ಕಂಡಿತು: ಮನೆಯಿಲ್ಲದವರು ಸ್ಟುಡಿಯೋದೊಳಗಿದ್ದರು, ಸ್ಟುಡಿಯೋ ಇಲ್ಲದವರು ಅವರ ಬೀದಿಗಳಲ್ಲಿದ್ದರು. 1950ರ ಹೊತ್ತಿಗೆ ಅಮೆರಿಕದವರು ಬಂದು ಪ್ರಾಚೀನ ರೋಮಿನ ಭಾರೀ ಚಿತ್ರ ಶುರು ಮಾಡಿದಾಗ, ಶಿಬಿರದಲ್ಲಿದ್ದವರೇ ದಿನಗೂಲಿಗೆ ಪ್ರಜೆಗಳ ವೇಷ ಹಾಕಿದರು.

1951ರಲ್ಲಿ ವಿಸ್ಕೊಂತಿ ಮಾಡಿದ 'ಬೆಲ್ಲಿಸ್ಸಿಮಾ'ದಲ್ಲಿ ಮಾನ್ಯಾನಿ ಇದೇ ಗೇಟಿಗೆ ಪುಟ್ಟ ಮಗಳನ್ನು ಎಳೆದುಕೊಂಡು ಬರುತ್ತಾಳೆ. ಮನೆ ಮನೆಗೆ ಹೋಗಿ ಇಂಜೆಕ್ಷನ್ ಚುಚ್ಚಿ ದುಡಿದ ಹಣವನ್ನೆಲ್ಲ ಮಗುವನ್ನು ತಾರೆ ಮಾಡಲು ಸುರಿಯುತ್ತಾಳೆ. ಅಲ್ಲಿ ಸಂಕಲನದ ಕೋಣೆಯಲ್ಲಿ ಒಬ್ಬ ಹುಡುಗಿ ಸಿಗುತ್ತಾಳೆ. ತಾನೂ ಸಿನೆಮಾದಲ್ಲಿ ನಟಿಸಿದ್ದೆ, ಆಮೇಲೆ ಯಾರೂ ಕರೆಯಲಿಲ್ಲ ಅನ್ನುತ್ತಾಳೆ. ಆ ಪಾತ್ರ ಮಾಡಿದ ಲಿಲಿಯಾನಾ ಮಂಚಿನಿಯ ನಿಜವಾದ ಕಥೆಯೂ ಅದೇ. ಬೀದಿಯಿಂದ ಮುಖಗಳನ್ನು ಆರಿಸಿ ತಂದ ಸಿನೆಮಾ ಆ ಮುಖಗಳಿಗೆ ಏನು ಮಾಡಿತು ಅಂತ ಸಿನೆಮಾವೇ ಕೇಳಿಕೊಂಡದ್ದು, ನನ್ನ ಮಟ್ಟಿಗೆ, ಆ ಕಾಲದ ಅತ್ಯಂತ ಪ್ರಾಮಾಣಿಕ ಕ್ಷಣ.

ಮಧ್ಯಾಹ್ನದ ಮೇಲೆ ಜಲಸೇತುವೆಗಳ ಪಾರ್ಕಿಗೆ ಹೋದೆವು. ಮುರಿದ ಕಮಾನುಗಳು, ಹುಲ್ಲು, ಆಚೆಗೆ ಸಾಲು ಸಾಲು ಮಹಡಿಮನೆ. 1960ರ 'ಲಾ ದೋಲ್ಚೆ ವೀತಾ'ದ ಮೊದಲಿಗೆ ಕ್ರಿಸ್ತನ ಮೂರ್ತಿಯನ್ನು ಹೆಲಿಕಾಪ್ಟರು ಹೊತ್ತು ಹಾರುವುದು ಇಂಥ ಕಮಾನು ಮತ್ತು ಇಂಥ ಹೊಸ ಮನೆಗಳ ಮೇಲಿಂದ. ಅಷ್ಟರಲ್ಲಿ ದೇಶ ಎಷ್ಟು ವೇಗವಾಗಿ ಓಡಿತ್ತು! 1946ರಲ್ಲಿ ವೆಸ್ಪಾ, 1954ರಲ್ಲಿ ಟೀವಿ, 1957ರಲ್ಲಿ ಪುಟ್ಟ ಫಿಯೆಟ್ 500. ಸೈಕಲ್ಲಿಗಾಗಿ ತಂದೆ ಮಗ ಅತ್ತು 14 ವರ್ಷಕ್ಕೆ, 1962ರ 'ಇಲ್ ಸೊರ್ಪಾಸ್ಸೊ'ದಲ್ಲಿ ಒಬ್ಬ ಬಿಳಿ ಸ್ಪೋರ್ಟ್ಸ್ ಕಾರು ಓಡಿಸಿಕೊಂಡು ಎಲ್ಲರನ್ನೂ ಹಿಂದೆ ಹಾಕುತ್ತ ಹೋಗುತ್ತಾನೆ. ಆ ಓಟ ಕೊನೆಯಾಗುವುದು ಕಮರಿಯಲ್ಲಿ.

"ಈಗ ನನ್ನ ಪಾಳಿ" ಅಂತ ಮಗಳು ತುಸ್ಕೊಲಾನೊ ಬಡಾವಣೆಗೆ ಕರೆದೊಯ್ದಳು. 1949ರ ಫೆಬ್ರುವರಿಯ ಕಾನೂನಿನಲ್ಲಿ ಶುರುವಾದ ಇನಾ-ಕಾಸಾ ಯೋಜನೆಯ ಮನೆಗಳು. ಕೂಲಿಯಿಂದ ಚೂರು, ಮಾಲೀಕರಿಂದ ಚೂರು, ಸರ್ಕಾರದ ಪಾಲು ಸೇರಿಸಿ, 14 ವರ್ಷದಲ್ಲಿ ದೇಶದಾದ್ಯಂತ ಸುಮಾರು 3,55,000 ಮನೆ ಕಟ್ಟಿದರು. ಕಟ್ಟಡಗಳ ಗೋಡೆಗೆ ಕಲಾವಿದರು ಮಾಡಿದ ಬಣ್ಣದ ಪಿಂಗಾಣಿ ಬಿಲ್ಲೆ. 'ಬೈಸಿಕಲ್ ಥೀವ್ಸ್' ಬಂದು ಮೂರು ತಿಂಗಳಿಗೆ ಈ ಕಾನೂನು. ಸಿನೆಮಾದಿಂದಲೇ ಅಂತ ಹೇಳಲು ನನಗೆ ಆಸೆ, ಆದರೆ ಹಾಗಲ್ಲ. ಯೋಜನೆ ಮೊದಲೇ ಸಿದ್ಧವಾಗುತ್ತಿತ್ತು. ಮನೆ ಎಲ್ಲರಿಗೂ ಸಿಗಲೂ ಇಲ್ಲ. 1956ರಲ್ಲಿ ಡಿ ಸಿಕಾ 'ದಿ ರೂಫ್' ಮಾಡಿದ. ಬೆಳಗಾಗುವುದರೊಳಗೆ ಮಾಡು ಹೊದಿಸಿದರೆ ಪೊಲೀಸರು ಕೆಡವುವಂತಿಲ್ಲ ಅಂತ ಒಂದೇ ರಾತ್ರಿಯಲ್ಲಿ ಗೋಡೆ ಎಬ್ಬಿಸುವ ಎಳೆಯ ಗಂಡಹೆಂಡಿರ ಕಥೆ. ನಮ್ಮ ಕಡೆ ರಾತ್ರೋರಾತ್ರಿ ಗುಡಿಸಲು ಏಳುವುದನ್ನು ಕಂಡವರಿಗೆ ಅದನ್ನು ವಿವರಿಸಬೇಕಾಗಿಲ್ಲ.

ಲಾರ್ಗೊ ಸ್ಪಾರ್ತಾಕೊ ಎಂಬಲ್ಲಿ ಬಾಗಿದ ಆಕಾರದ ಉದ್ದನೆಯ ಕಟ್ಟಡವಿದೆ, ಬೂಮರಾಂಗ್ ಅಂತ ಕರೆಯುತ್ತಾರೆ. 1962ರಲ್ಲಿ ಪಸೊಲಿನಿಯ 'ಮಮ್ಮಾ ರೋಮಾ'ದಲ್ಲಿ ಮಾನ್ಯಾನಿ ಮೈ ಮಾರುವುದನ್ನು ಬಿಟ್ಟು, ಮಗನಿಗೆ ಮರ್ಯಾದೆಯ ಬದುಕು ಕೊಡಲು ಇಂಥ ಹೊಸ ಮನೆಗೆ ಬರುತ್ತಾಳೆ. ನಂಬರ್ 17ರ ಬಾಗಿಲಿನಿಂದ ಓಡಿದ ಅದೇ ಮಾನ್ಯಾನಿ, 17 ವರ್ಷದ ಮೇಲೆ. ಮನೆ ಸಿಕ್ಕಿತು, ಕಿಟಕಿಯಿಂದ ಹೊಸ ಚರ್ಚಿನ ಗುಮ್ಮಟ ಕಾಣುತ್ತದೆ. ಆದರೂ ಮಗ ಕಳ್ಳತನಕ್ಕೆ ಇಳಿಯುತ್ತಾನೆ. ಆಸ್ಪತ್ರೆಯಲ್ಲಿ ಮಲಗಿದ ರೋಗಿಯೊಬ್ಬನ ರೇಡಿಯೋ ಕದಿಯುತ್ತಾನೆ. ಆ ರೋಗಿ ಲಾಂಬೆರ್ತೊ ಮಜ್ಜೊರಾನಿ. ಸೈಕಲ್ ಕಳೆದುಕೊಂಡವನೇ. ಪಸೊಲಿನಿ ಅವನನ್ನು ಹುಡುಕಿ ತಂದು ಮಂಚದ ಮೇಲೆ ಮಲಗಿಸಿ, ಮತ್ತೊಮ್ಮೆ ಅವನದನ್ನು ಕದಿಸಿದ.

ನಾನು ಇದನ್ನು ಹೇಳಿ ಮುಗಿಸುವ ಹೊತ್ತಿಗೆ ಮಗಳು ಗೋಡೆಯ ಬಿಲ್ಲೆ ಹುಡುಕಿಕೊಂಡು ಕಟ್ಟಡದ ತುದಿಗೆ ಹೋಗಿದ್ದಳು. ಮೋಡ ಕವಿದಿತ್ತು. ಎಲ್ಲ ಮಹಡಿಗಳಲ್ಲೂ ಕಿಟಕಿಯಿಂದ ಕಿಟಕಿಗೆ ಹಗ್ಗ, ಹಗ್ಗದ ತುಂಬ ಬಟ್ಟೆ. ನಾಲ್ಕು ಹನಿ ಬಿದ್ದದ್ದೇ ತಡ, ಒಬ್ಬೊಬ್ಬರಾಗಿ ಹೆಂಗಸರು ಕಿಟಕಿಗೆ ಬಂದು ಹಗ್ಗ ಎಳೆದುಕೊಳ್ಳತೊಡಗಿದರು. ಮೊದಲು ಒಳಗೆ ಹೋದದ್ದು ಹಾಸಿಗೆ ಬಟ್ಟೆಗಳು.

"ಅಪ್ಪಾ, ನೆನೀತಿದೀಯ, ಬಾ" ಅಂತ ಮಗಳು ಕೂಗಿದಳು. ನಾಲ್ಕನೇ ಮಹಡಿಯಲ್ಲಿ ಇನ್ನೂ ಒಂದು ಬಿಳಿ ಹಾಸು ಉಳಿದಿತ್ತು. ಅದನ್ನೂ ಯಾರಾದರೂ ಒಳಗೆ ತಗೊಳ್ಳುವ ತನಕ ನಾನು ಅಲ್ಲೇ ನಿಂತಿದ್ದೆ.